ಒಂದನೇ ನಂಬರಿನ ಗುಡುಗು

ಕೇಂದ್ರ ಸರ್ಕಾರದ ನೌಕರಿಗೆ ಸೇರಿ ಮೂವತ್ತು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ, ಮೊನ್ನೆಮೊನ್ನೆಯವರೆಗೆ, ನಾನಾಗಿಯೇ ತೀರ್ಮಾನ ತೆಗೆದುಕೊಂಡದ್ದು ಒಂದೇ ಒಂದು ಸಲ. ಅದೂ ಆಫೀಸಿನ ಹೊರಗೆ, ಅದೂ ತಪ್ಪಾಯಿತು. ಮಿಕ್ಕಂತೆ ನನ್ನ ಕೈಯಿಂದ ಹೊರಟ ಪ್ರತಿ ಕಾಗದದ ಕೊನೆಗೂ ‘ಸೂಕ್ತ ಆದೇಶಕ್ಕಾಗಿ ಮಂಡಿಸಿದೆ’ ಎಂಬ ಅರ್ಥದ ಒಂದು ಸಾಲಿರುತ್ತದೆ. ಈ ಅಭ್ಯಾಸ ಎಷ್ಟು ಮೈಗೂಡಿದೆಯೆಂದರೆ, ಬೆಳಿಗ್ಗೆ ಉಪ್ಪಿಟ್ಟೋ ಅವಲಕ್ಕಿಯೋ ಎಂದು ಹೆಂಡತಿ ಕೇಳಿದರೂ ಎರಡರ ಸಾಧಕಬಾಧಕಗಳನ್ನು ವಿವರಿಸಿ ಸುಮ್ಮನಾಗುತ್ತೇನೆ. ಅವಳು ತನಗೆ ತೋಚಿದ್ದನ್ನು ಮಾಡುತ್ತಾಳೆ. ಇಂಥ ಸುಖದಲ್ಲಿದ್ದ ನನ್ನ ಮನೆಗೆ ಒಂದು ಡಿಜಿಟಲ್ ಗಿಟಾರ್ ಆಂಪ್, ಅಂದರೆ ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ, ಬಂದು, ದಿನಕ್ಕೆ ಹತ್ತು ಸಲ ‘ಹೌದೋ ಅಲ್ಲವೋ?’ ಎಂದು ನನ್ನನ್ನೇ ಕೇಳತೊಡಗಿತು ನೋಡಿ, ಅಲ್ಲಿಂದ ಶುರುವಾಯಿತು ಫಜೀತಿ.

ಮೊದಲು ಆ ಒಂದು ತೀರ್ಮಾನದ ವಿಷಯ ಹೇಳಿಬಿಡುತ್ತೇನೆ, ಮುಚ್ಚಿಟ್ಟುಕೊಂಡು ಏನಾಗಬೇಕು? ಇಪ್ಪತ್ತೆರಡು ವರ್ಷದ ಹಿಂದೆ ನಾವು ಹೊಸದಾಗಿ ಮದುವೆಯಾಗಿ ದಿಲ್ಲಿಗೆ ಬಂದಿದ್ದಾಗ, ಇಲ್ಲಿನ ನಮ್ಮ ಕನ್ನಡ ಬಳಗದ ರಾಜ್ಯೋತ್ಸವದಲ್ಲಿ ನನ್ನ ಹೆಂಡತಿ ಸುಮಾ ಒಂದು ಭಾವಗೀತೆ ಹಾಡಿದಳು. ದಾವಣಗೆರೆಯಲ್ಲಿ ಕಾಲೇಜಿನ ಬಹುಮಾನಗಳನ್ನೆಲ್ಲ ಬಾಚಿಕೊಂಡ ಕಂಠ ಅದು. ಅಂದು ಮೈಕಿನ ಉಸ್ತುವಾರಿ ನನಗೆ ಕೊಟ್ಟಿದ್ದರು. ಅವಳು ಎರಡನೆಯ ಚರಣಕ್ಕೆ ಬಂದಾಗ, ಚಹಾದ ಕೆಟಲಿಗೆ ಪ್ಲಗ್ ಬೇಕು ಅಂತ ಯಾರೋ ಬಂದರು. ಗೋಡೆಯಲ್ಲಿ ಎರಡು ಪ್ಲಗ್ ಇದ್ದವು. ಯಾವುದನ್ನು ಕೀಳಲಿ ಎಂದು ಕೇಳಲು ಮೇಲಧಿಕಾರಿಗಳು ಯಾರೂ ಹತ್ತಿರದಲ್ಲಿರಲಿಲ್ಲ. ನಾನೇ ತೀರ್ಮಾನಿಸಿ ಒಂದನ್ನು ಕಿತ್ತೆ. ಸುಮಾಳ ಬಾಯಿ ಆಡುತ್ತಿತ್ತು, ದನಿ ಮಾತ್ರ ಸಭೆಗೆ ಕೇಳುತ್ತಿರಲಿಲ್ಲ. ಹಿಂದಿನ ಸಾಲಿನವರು ನಕ್ಕರು. ಅವಳು ಹಾಡನ್ನು ಅಲ್ಲಿಗೇ ಬಿಟ್ಟು ಕೆಳಗಿಳಿದವಳು ಮತ್ತೆ ವೇದಿಕೆ ಹತ್ತಲಿಲ್ಲ. ನನಗೆ ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಈ ಸಲದ ರಾಜ್ಯೋತ್ಸವಕ್ಕೆ ಬಳಗದ ಕಾರ್ಯದರ್ಶಿ ಕರ್ನಲ್ ಸುಬ್ಬಯ್ಯನವರು ಸೆಪ್ಟೆಂಬರಿನಲ್ಲೇ ಮನೆಗೆ ಬಂದರು. ಕೊಡಗಿನವರು, ಸೈನ್ಯದಿಂದ ನಿವೃತ್ತರಾಗಿದ್ದರೂ ದನಿ ಇನ್ನೂ ಸರ್ವಿಸ್ಸಿನಲ್ಲಿದೆ. “ಸುಮಾ ಅವರೇ, ಈ ಸಲ ನೀವು ಹಾಡ್ತೀರಿ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ. ಇದು ವಿನಂತಿ ಅಲ್ಲ” ಎಂದರು. ಸುಮಾ ಬೇಡ ಎನ್ನುವ ಮೊದಲೇ ನನ್ನ ಬಾಯಿಂದ, “ಹಾಡು ಮಾರಾಯ್ತಿ, ನಾನೇ ಪಕ್ಕದಲ್ಲಿ ಕೂತು ಗಿಟಾರ್ ನುಡಿಸ್ತೀನಿ, ಯಂತ್ರದ ಜವಾಬ್ದಾರಿ ಪೂರ್ತಿ ನನ್ನದು” ಅಂತ ಬಂದುಬಿಟ್ಟಿತು. ಅವಳು ನನ್ನತ್ತ ತಿರುಗಿದಳು. ಆಮೇಲೆ, “ಸರಿ. ನಿಮ್ಮನ್ನ ನಂಬಿ ಒಪ್ಕೋತಾ ಇದೀನಿ ನೋಡಿ” ಎಂದಳು.

ಗಿಟಾರೇನೋ ಮನೆಯಲ್ಲೇ ಇತ್ತು. ಮಗಳು ಅದಿತಿ ಹತ್ತನೇ ಕ್ಲಾಸಿನಲ್ಲಿ ಹಟ ಹಿಡಿದು ಕೊಡಿಸಿಕೊಂಡು, ಮೂರು ತಿಂಗಳು ಬಾರಿಸಿ, ದಿವಾನದ ಕೆಳಗೆ ತಳ್ಳಿದ್ದ ಎಲೆಕ್ಟ್ರಿಕ್ ಗಿಟಾರು. ನಾನು ತುಮಕೂರಿನಲ್ಲಿ ಓದುವಾಗ ಹಾಸ್ಟೆಲಿನ ಗೆಳೆಯನಿಂದ ನಾಲ್ಕು ಕಾರ್ಡ್, ಅಂದರೆ ಹಲವು ತಂತಿ ಒಟ್ಟಿಗೆ ಮೀಟಿ ನುಡಿಸುವ ಸ್ವರಗುಚ್ಛಗಳನ್ನು, ಕಲಿತಿದ್ದೆ. ಸುಮಾಳ ಹಾಡಿಗೆ ಮೂರು ಸಾಕು, ಹಾಗಾಗಿ ಒಂದು ಮಿಗುತ್ತಿತ್ತು. ಆದರೆ ಎಲೆಕ್ಟ್ರಿಕ್ ಗಿಟಾರು ಆಂಪ್ ಇಲ್ಲದೆ ಮಾತಾಡುವುದಿಲ್ಲ. ಅಂಗಡಿಗೆ ಹೋಗಿ “ಭಯ್ಯಾ, ಸಾದಾ ಆಂಪ್ ಒಂದು ಕೊಡಿ” ಎಂದರೆ, ಈಗ ಸಾದಾ ಎಂಬುದು ಯಾವುದೂ ಇಲ್ಲ ಎಂದು ನಗುತ್ತಾ ಒಂದು ಕಪ್ಪು ಪೆಟ್ಟಿಗೆ ಕಟ್ಟಿ ಕೊಟ್ಟ. ಅದರೊಳಗೆ ನಲವತ್ತು ನಮೂನೆಯ ಸದ್ದುಗಳನ್ನು ಕಂಪನಿಯವರೇ ಸಿದ್ಧಪಡಿಸಿ, ನಂಬರು ಹಾಕಿ, ಹೆಸರಿಟ್ಟು ತುಂಬಿದ್ದರು. ಸ್ವಿಚ್ ಹಾಕಿದೊಡನೆ ಒಂದನೇ ನಂಬರು ತೆರೆದುಕೊಳ್ಳುತ್ತದೆ. ಅದರ ಹೆಸರು ಥಂಡರ್. ನಾನು ಮೆಲ್ಲಗೆ ಒಂದು ತಂತಿ ಮೀಟಿದೆ. ಅಡುಗೆಮನೆಯಲ್ಲಿ ಸುಮಾಳ ಕೈಯಿಂದ ಸೌಟು ಬಿತ್ತು. ಮೇಲಿನ ಮನೆಯವರು ನೆಲ ಕುಟ್ಟಿದರು. ಭಾವಗೀತೆಗೂ ಈ ಗುಡುಗಿಗೂ ಯಾವ ಸಂಬಂಧವೂ ಇರಲಿಲ್ಲ.

ಮೊದಲ ವಾರ ಪೂರ್ತಿ ಗುಂಯ್ ಎನ್ನುವ ಸದ್ದಿನ ಜೊತೆ ಹೋಯಿತು. ನುಡಿಸದಿದ್ದರೂ ಆಂಪು ತನ್ನಷ್ಟಕ್ಕೆ ಗುನುಗುತ್ತಿತ್ತು; ತಂತಿಯ ಮೇಲೆ ಕೈಯಿಟ್ಟರೆ ಸುಮ್ಮನಾಗುತ್ತಿತ್ತು, ತೆಗೆದರೆ ಮತ್ತೆ ಶುರು. ಕೇಬಲ್ ಬದಲಿಸಿದೆ, ಟ್ಯೂಬ್‌ಲೈಟ್ ಆರಿಸಿದೆ, ಫ್ರಿಜ್ ಆರಿಸಿ ಬೈಸಿಕೊಂಡೆ. ಕೊನೆಗೆ ಎಲೆಕ್ಟ್ರಿಷಿಯನ್ ಮುಕೇಶ್ ಭಯ್ಯಾ ಬಂದು ಪ್ಲಗ್ಗಿನ ಹಿಂದೆ ಇಣುಕಿ, “ಸರ್‌ಜೀ, ಅರ್ಥಿಂಗ್ ಕಾ ತಾರ್ ತೋ ಹೈ, ಪರ್ ಕಹೀಂ ಜಾತಾ ನಹೀಂ” ಎಂದ. ನೆಲಕ್ಕೆ ಸೇರಬೇಕಾದ ತಂತಿ ಇದೆ, ಎಲ್ಲಿಗೂ ಹೋಗುವುದಿಲ್ಲ! ದಿಲ್ಲಿ ಪಕ್ಕದ ಘಾಜಿಯಾಬಾದಿನ ನಮ್ಮ ಫ್ಲ್ಯಾಟು ಕಟ್ಟಿದವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ವಿಭಾಗದಲ್ಲಿಯೂ ಎಷ್ಟೋ ಫೈಲುಗಳು ಹೀಗೇ ಇವೆ. ಮುಕೇಶ್ ಭಯ್ಯಾ ತಂತಿಯನ್ನು ಸೇರಬೇಕಾದಲ್ಲಿಗೆ ಸೇರಿಸಿದ, ಗುನುಗು ನಿಂತಿತು. ಅಂದು ಸಂಜೆ ನಾನು ಮನೆಯಲ್ಲಿ ಇಂಜಿನಿಯರಿನಂತೆ ಓಡಾಡಿದೆ.

ಎರಡನೆಯ ವಾರ ಬ್ಲೂಟೂತ್. ಹಾಡಿನ ಶ್ರುತಿಯನ್ನು ಫೋನಿನಿಂದ ಆಂಪಿಗೆ ಕೊಡಬಹುದು ಅಂತ ಅದಿತಿ ಹೇಳಿ, ಸುಮಾಳ ಫೋನನ್ನು ಅದಕ್ಕೆ ಜೋಡಿಸಿ ಕಾಲೇಜಿಗೆ ಹೋದಳು. ನಾನು ರೀವರ್ಬ್ ಎಂಬ ತಿರುಪನ್ನು, ಅಂದರೆ ಸದ್ದಿಗೆ ದೊಡ್ಡ ಗುಮ್ಮಟದ ಪ್ರತಿಧ್ವನಿ ಕೊಡುವ ತಿರುಪನ್ನು, ಪೂರ್ತಿ ಏರಿಸಿ ನೋಡುತ್ತಿದ್ದೆ. ಅಷ್ಟರಲ್ಲಿ ಸುಮಾ ಒಳಗೆ ತನ್ನ ತಂಗಿಯ ವಾಯ್ಸ್ ಮೆಸೇಜ್ ಒತ್ತಿದಳು. ಆಂಪಿನಿಂದ ದಾವಣಗೆರೆಯ ನನ್ನ ನಾದಿನಿಯ ದನಿ ಮನೆಯೆಲ್ಲ ತುಂಬಿಕೊಂಡು, “ಅಲ್ಲಕ್ಕಾ, ಭಾವನಿಗೆ ಈ ವಯಸ್ಸಲ್ಲಿ ಗಿಟಾರ್ ಯಾಕಂತೆ? ಒಂದು ಬಲ್ಬ್ ಹಾಕೋಕೆ ಬರಲ್ಲ!” ಎಂದಿತು. ದನಿ ಯಾರದೇ ಇರಲಿ, ಸ್ಪೀಕರ್ ಬಹಳ ಸ್ಪಷ್ಟವಾಗಿದೆ ಎಂದು ಒಪ್ಪಲೇಬೇಕಾಯಿತು. ಸುಮಾ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಬಹಳ ದಿನಗಳ ಮೇಲೆ ಅವಳು ಹಾಗೆ ನಕ್ಕದ್ದು ನೋಡಿ ನನಗೂ ಖುಷಿಯಾಯಿತು, ನಾದಿನಿಯನ್ನು ಕ್ಷಮಿಸಿದೆ.

ಮೂರನೆಯ ವಾರದಲ್ಲಿ ಒಂದನೇ ನಂಬರಿನ ಗುಡುಗನ್ನು ಹಿಡಿದು, ತಿರುಪುಗಳನ್ನು ಒಂದೊಂದಾಗಿ ತಗ್ಗಿಸುತ್ತಾ ಏರಿಸುತ್ತಾ, ತಂಬೂರಿಯ ಪಕ್ಕದಲ್ಲಿ ಕೂರಿಸಿದರೂ ನಾಚಿಕೆಯಾಗದಂಥ ಒಂದು ಮೆತ್ತನೆಯ ಸದ್ದು ತಂದೆ. ಒಟ್ಟು ಹತ್ತೊಂಬತ್ತು ಬದಲಾವಣೆ. ಸುಮಾ ಕೂತು ಹಾಡಿ, “ಇದು ಚೆನ್ನಾಗಿದೆ ರೀ, ಇದನ್ನೇ ಇಟ್ಕೊಳ್ಳಿ” ಎಂದಳು. ಇಟ್ಟುಕೊಳ್ಳಲು ಒಂದು ಗುಂಡಿ ಇತ್ತು, ಸೇವ್ ಎಂದು. ಒತ್ತಿದೆ. ಪುಟ್ಟ ಪರದೆಯ ಮೇಲೆ ‘ಹಳೆಯದನ್ನು ಅಳಿಸಿ ಬರೆಯಲೇ? ಹೌದು, ಅಲ್ಲ’ ಎಂಬ ಪ್ರಶ್ನೆ ಮಿನುಗಿತು. ನನ್ನ ಕೈ ಅಲ್ಲೇ ನಿಂತಿತು. ಸ್ವಾಮಿ, ಮೂವತ್ತು ವರ್ಷದಲ್ಲಿ ನಾನು ದಾಖಲೆಯಲ್ಲಿದ್ದ ಒಂದು ಅಕ್ಷರವನ್ನೂ ಅಳಿಸಿದವನಲ್ಲ. ಹಿಂದಿನವರು ಬರೆದದ್ದು ಶುದ್ಧ ತಪ್ಪಾಗಿದ್ದರೂ ಅದನ್ನು ಹಾಗೇ ಬಿಟ್ಟು ಕೆಳಗೆ ನಮ್ಮದನ್ನು ಬರೆಯಬೇಕು. ಖಾಲಿ ಜಾಗವಿದೆಯೇ ಎಂದು ಹುಡುಕಿದೆ; ನಲವತ್ತೂ ಭರ್ತಿ. ‘ಅಲ್ಲ’ ಒತ್ತಿದೆ. ಬದಲಿಗೆ ಆಫೀಸಿನ ಹಸಿರು ನೋಟ್‌ಶೀಟಿನಲ್ಲಿ ಹತ್ತೊಂಬತ್ತನ್ನೂ ಕ್ರಮವಾಗಿ ಬರೆದು, ಕೆಳಗೆ ಸಣ್ಣ ಸಹಿ ಹಾಕಿ, ಫೈಲು ಮಾಡಿದೆ. ಅಂದಿನಿಂದ ಪ್ರತಿದಿನ ಆಂಪ್ ಹಚ್ಚುವುದು, ಗುಡುಗು ತೆರೆದುಕೊಳ್ಳುವುದು, ನಾನು ಕನ್ನಡಕ ಹಾಕಿ ಫೈಲು ನೋಡಿ ಹತ್ತೊಂಬತ್ತನ್ನೂ ತಿರುಗಿಸುವುದು. ನಾಲ್ಕು ನಿಮಿಷದ ಕೆಲಸ. ಅದಿತಿಗೆ ಇದನ್ನು ನೋಡಿ ತಲೆ ಕೆಟ್ಟಿತು.

“ಪಪ್ಪಾ, ಸೇವ್ ಯಾಕೆ ಮಾಡಲ್ಲ?”

“ಯಾರೋ ಕೂತು ಮಾಡಿದ ಕೆಲಸ ಅಮ್ಮಾ. ಅಳಿಸೋಕೆ ನಾನ್ಯಾರು?”

“ಆಪ್ ಭೀ ನಾ, ಪಪ್ಪಾ! ಫ್ಯಾಕ್ಟರಿ ರೀಸೆಟ್ ಮಾಡಿದ್ರೆ ಸಬ್ ವಾಪಸ್ ಬರುತ್ತೆ. ಕರೆಂಟ್ ಹೋದ್ರೆ ಏನ್ ಮಾಡ್ತೀರಿ?”

“ಪರಿಶೀಲಿಸೋಣ” ಎಂದೆ. ಈ ಮಾತಿನ ಅರ್ಥ ಅವಳಿಗೂ ಗೊತ್ತು, ಎದ್ದು ಹೋದಳು.

ಕಾರ್ಯಕ್ರಮ ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ, ನಮ್ಮ ಫ್ಲ್ಯಾಟುಗಳ ಸೊಸೈಟಿಯ ಹಾಲಿನಲ್ಲೇ. ನಾನು ಒಂಬತ್ತಕ್ಕೇ ಹೋಗಿ ಆಂಪ್ ಜೋಡಿಸಿ, ಫೈಲು ತೆರೆದು ಹತ್ತೊಂಬತ್ತನ್ನೂ ಹೊಂದಿಸಿ, ಮೇಲೆ ‘ದಯವಿಟ್ಟು ಮುಟ್ಟಬೇಡಿ’ ಎಂದು ಕಾಗದ ಅಂಟಿಸಿ, ಪ್ಲಗ್ಗಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಎರಡು ಗಂಟೆ ಒಂದು ಕೆಟಲ್ಲನ್ನೂ ಹತ್ತಿರ ಸುಳಿಯಗೊಡಲಿಲ್ಲ. ನೀರು ಕುಡಿಯಲು ಕೂಡ ಏಳಲಿಲ್ಲ. ಸುಮಾ ಮೈಸೂರು ರೇಷ್ಮೆ ಉಟ್ಟು ಮುಂದಿನ ಸಾಲಿನಲ್ಲಿ ಕೂತು ಕರವಸ್ತ್ರವನ್ನು ಬಿಗಿಹಿಡಿದು ಹಿಂಡುತ್ತಿದ್ದಳು. ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ಕರೆಂಟ್ ಹೋಯಿತು. ಈ ಊರಿನಲ್ಲಿ ಅದೊಂದು ಸಂಗತಿಯೇ ಅಲ್ಲ. ಹತ್ತು ಸೆಕೆಂಡಿಗೆ ಸೊಸೈಟಿಯ ಜನರೇಟರು ಗರ್ ಎಂದು ಎದ್ದು ದೀಪ ಬಂತು, ಫ್ಯಾನು ತಿರುಗಿತು, ಮೈಕೂ ಬಂತು. ಆಂಪಿನ ಕೆಂಪು ದೀಪವೂ ಹತ್ತಿಕೊಂಡಿತು. ಸದ್ಯ, ಬಚಾವಾದೆ ಅಂದುಕೊಂಡೆ. ಪರದೆಯ ಮೇಲೇನಿದೆ ಎಂದು ನೋಡಲಿಲ್ಲ, ಕನ್ನಡಕ ಜೇಬಿನಲ್ಲಿತ್ತು.

ಕರ್ನಲ್ ಸರಿಯಾಗಿ ಹನ್ನೊಂದು ಹತ್ತಕ್ಕೆ ಹೆಸರು ಕೂಗಿದರು. ಸುಮಾ ಬಂದು ಮೈಕಿನ ಮುಂದೆ ನಿಂತು ನನ್ನತ್ತ ತಲೆಯಾಡಿಸಿದಳು. ನಾನು ಮೊದಲ ಕಾರ್ಡ್ ಎಳೆದೆ.

ಅಯ್ಯೋ ದೇವರೇ! ಗುಡುಗು. ಕಿಟಕಿಯ ಗಾಜು ಅದುರಿತು. ಹಿಂದೆಲ್ಲೋ ಮಗು ಕಿರುಚಿತು. ಕರ್ನಲ್ ಸುಬ್ಬಯ್ಯನವರು ಅರ್ಧ ಬಗ್ಗಿಯೇಬಿಟ್ಟರು, ಯುದ್ಧ ನೋಡಿದ ಮೈ ಅದು. ನಾನು ವಾಲ್ಯೂಮ್ ತಿರುಪನ್ನು ಸೊನ್ನೆಗೆ ತಿರುಗಿಸಿ, ಕನ್ನಡಕಕ್ಕೆ ತಡಕಾಡಿ, ಫೈಲು ತೆರೆದೆ. ಹತ್ತೊಂಬತ್ತು ಬದಲಾವಣೆ, ನಾಲ್ಕು ನಿಮಿಷ! ಹಿಂದಿನ ಸಾಲಿನಲ್ಲಿ ಆಗಲೇ ಕಿಸಿಕಿಸಿ ಶುರುವಾಗಿತ್ತು. ಸುಮಾ ನನ್ನನ್ನು ನೋಡಿದಳು. ಇಪ್ಪತ್ತೆರಡು ವರ್ಷದ ಹಿಂದೆ ನೋಡಿದ್ದ ಅದೇ ನೋಟ. ಇನ್ನು ಇವಳು ಕೆಳಗಿಳಿದು ಹೋಗುತ್ತಾಳೆ, ಮತ್ತೆ ಜನ್ಮದಲ್ಲಿ ಹಾಡುವುದಿಲ್ಲ ಎಂದು ನನಗೆ ಅಳುವೇ ಬಂತು. ಅವಳು ಇಳಿಯಲಿಲ್ಲ. ಕರವಸ್ತ್ರವನ್ನು ಸೊಂಟಕ್ಕೆ ಸಿಕ್ಕಿಸಿ, ನನಗೆ ಕೈಯಲ್ಲಿ ‘ಇರಲಿ ಬಿಡಿ’ ಎಂದು ಸನ್ನೆ ಮಾಡಿ, ಕಣ್ಣು ಮುಚ್ಚಿ ತಾನೇ ಶ್ರುತಿ ಹಿಡಿದಳು.

ಎಂಥ ಹಾಡು ಅಂತೀರಿ! ನಾನು ಎರಡು ತಿಂಗಳು ದಿನಾ ಕೇಳಿದ ಹಾಡೇ. ಕೇಳಿದೆ ಎನ್ನುವುದೂ ಸುಳ್ಳು. ಪ್ರಾಕ್ಟೀಸಿನ ಉದ್ದಕ್ಕೂ ನನ್ನ ಕಣ್ಣು ಕಿವಿ ಎರಡೂ ತಿರುಪುಗಳ ಮೇಲಿದ್ದವು. ಅಂದು ಮೊದಲ ಸಲ ಕೆಲಸವಿಲ್ಲದೆ ಕೂತು ಕೇಳಿದೆ. ವೇದಿಕೆಯ ಮೇಲೆ ಸುಮ್ಮನೆ ಕೂರಲಾಗದೆ ಸೊನ್ನೆ ವಾಲ್ಯೂಮಿನಲ್ಲಿಯೇ ತಂತಿ ಎಳೆಯುತ್ತಿದ್ದೆ; ಬಾಚಣಿಗೆಯ ಹಲ್ಲಿಗೆ ಉಗುರು ತಾಗಿಸಿದಷ್ಟು ಸದ್ದು, ನನಗಲ್ಲದೆ ಯಾರಿಗೂ ಕೇಳದು. ಎರಡನೆಯ ಚರಣ ದಾಟಿದಳು. ಕೊನೆಯ ಸಾಲಿಗೆ ಬಂದಾಗ ಹಾಲಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಆಮೇಲಿನ ಚಪ್ಪಾಳೆ ನಿಲ್ಲಲೇ ಇಲ್ಲ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಕನ್ನಡಕ ಒರೆಸಿಕೊಂಡೆ.

ಊಟದ ಸಾಲಿನಲ್ಲಿ ಕರ್ನಲ್ ನನ್ನ ಬೆನ್ನು ತಟ್ಟಿದರು. “ಶುರುವಿನಲ್ಲಿ ಸಭೆಯನ್ನ ಎಬ್ಬಿಸಿದಿರಿ, ಬೇಕಿತ್ತು ಅದು, ಅರ್ಧ ಜನ ತೂಕಡಿಸ್ತಿದ್ರು. ಆಮೇಲೆ ನುಡಿಸಿದಿರಿ ನೋಡಿ, ವಾಹ್! ಗಿಟಾರ್ ಅಂದ್ರೆ ಹಾಗಿರಬೇಕು ಸರ್. ಎಲ್ಲೂ ಹಾಡಿನ ಮೇಲೆ ಹತ್ತಲೇ ಇಲ್ಲ.” ಪಕ್ಕದಲ್ಲಿದ್ದ ಇಬ್ಬರು ಹೌದು ಹೌದು, ಬಹಳ ಹಿತವಾಗಿತ್ತು ಎಂದರು. ನಾನು ತಲೆ ತಗ್ಗಿಸಿ ಬಿಸಿಬೇಳೆಭಾತ್ ತಿಂದೆ. ಸುಮಾ ಮಾತ್ರ ಆ ಕಡೆ ತಿರುಗಿ ನಗುತ್ತಿದ್ದಳು. ಮನೆಗೆ ನಡೆದು ಬರುವಾಗ, “ಮುಂದಿನ ವರ್ಷ ಎರಡು ಹಾಡು ಹಾಡ್ತೀನಿ. ನೀವೂ ಗಿಟಾರ್ ತನ್ನಿ” ಎಂದಳು. “ನಾನ್ಯಾಕೆ?” ಎಂದೆ. “ಇರಲಿ ರೀ. ಪಕ್ಕದಲ್ಲಿ ನೀವಿದ್ರೆ ನನಗೆ ಧೈರ್ಯ” ಎಂದಳು.

ಮನೆಗೆ ಬಂದವನೇ ಆಂಪ್ ಹಚ್ಚಿದೆ. ಒಂದನೇ ನಂಬರು ತೆರೆದುಕೊಂಡಿತು. ವಾಲ್ಯೂಮನ್ನು ಸೊನ್ನೆಗೆ ತಂದು, ಸೇವ್ ಒತ್ತಿದೆ. ‘ಹಳೆಯದನ್ನು ಅಳಿಸಿ ಬರೆಯಲೇ?’ ಯಾರನ್ನೂ ಕೇಳದೆ ‘ಹೌದು’ ಎಂದೆ. ಥಂಡರ್ ಎಂಬ ಹೆಸರಿದ್ದ ಜಾಗದಲ್ಲಿ ಒಂದೊಂದೇ ಅಕ್ಷರ ತಿರುಗಿಸಿ ಸುಮಾ ಎಂದು ಬರೆದೆ.

ಮೊನ್ನೆ ಅದಿತಿ ಗಿಟಾರ್ ಕೈಗೆತ್ತಿಕೊಂಡು, “ಪಪ್ಪಾ, ಆಂಪ್ ಕೆಟ್ಟಿದೆ. ಒಂದನೇ ನಂಬರಿಂದ ಸೌಂಡೇ ಬರ್ತಿಲ್ಲ” ಎಂದಳು.

“ಕೆಟ್ಟಿಲ್ಲಮ್ಮಾ, ಅದನ್ನ ಮುಟ್ಟಬೇಡ” ಎಂದೆ. “ನನ್ನ ಸರ್ವಿಸ್ಸಿನಲ್ಲಿ ನಾನಾಗಿಯೇ ತೆಗೆದುಕೊಂಡಿದ್ದು ಎರಡೇ ತೀರ್ಮಾನ. ಸರಿಯಾಗಿದ್ದು ಇದೊಂದೇ.”