ವಾಹನಪೂಜೆಯ ಭಟ್ಟರು ಬೈಕು ಕಲಿತದ್ದು

ಕೆಲವರ ಜಾತಕದಲ್ಲಿ ವಾಹನಯೋಗ ಇರುತ್ತದೆ. ನನಗಿರುವುದು ವಾಹನದಿಂದ ಬೀಳುವ ಯೋಗ. ಇವತ್ತಿಗೂ ನಾನು ಹೆಲ್ಮೆಟ್ ಹಾಕಿಕೊಂಡು ಹೊರಟೆನೆಂದರೆ ಸಂಜೆಯೊಳಗೆ ಏನಾದರೊಂದು ಆಗಿಯೇ ತೀರುತ್ತದೆ, ರಾತ್ರಿ ಊಟಕ್ಕೆ ಕೂತಾಗ ಮನೆಮಂದಿ ಅದನ್ನೇ ಹೇಳಿಕೊಂಡು ನಗುತ್ತಾರೆ. ಶುರುವಿನ ಆ ಒಂದು ವರ್ಷದ್ದು ಮಾತ್ರ ನಗುವ ವಿಷಯವಾಗಿರಲಿಲ್ಲ. ಈಗ ಆಗಿದೆ, ಸದ್ಯ.

ನಾನು ಕಳಸದ ಕಡೆಯ ಪುರೋಹಿತ. ಗೃಹಪ್ರವೇಶ, ಸತ್ಯನಾರಾಯಣ ಪೂಜೆ ಎಲ್ಲ ಮಾಡಿಸುತ್ತೇನಾದರೂ ಹೆಸರು ಬಂದದ್ದು ವಾಹನಪೂಜೆಯಿಂದ. ಆಯುಧಪೂಜೆಯ ಬೆಳಿಗ್ಗೆ ನಮ್ಮ ಅಂಗಳದಿಂದ ರಸ್ತೆಯವರೆಗೆ ಜೀಪುಗಳು ಸಾಲು ನಿಲ್ಲುತ್ತಿದ್ದವು. "ಭಟ್ರು ಕುಂಕುಮ ಇಟ್ಟ ಗಾಡಿ ಗುಂಡಿಗೆ ಬೀಳೂದಿಲ್ಲ" ಎಂಬ ಮಾತು ಸಂಸೆಯಿಂದ ಹೊರನಾಡಿನ ತನಕ ಇತ್ತು. ನಮ್ಮ ಕಡೆಯ ರಸ್ತೆಗಳನ್ನು ನೋಡಿದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತಾಗುತ್ತದೆ.

ಆದರೆ ನನಗೇ ಒಂದು ಸೈಕಲ್ಲೂ ಬರುತ್ತಿರಲಿಲ್ಲ. ಎಲ್ಲಿಗೂ ಬಸ್ಸು, ಇಲ್ಲವೇ ಕಾಲ್ನಡಿಗೆ. ತೊಂಬತ್ತರ ದಶಕದ ಕೊನೆಗೆ, ನನಗೆ ನಲವತ್ತು ಹತ್ತಿರವಾದಾಗ, ಬಸ್ಸು ಬಾರದೆ ಒಬ್ಬರ ಗೃಹಪ್ರವೇಶದ ಮುಹೂರ್ತ ತಪ್ಪಿಹೋಯಿತು. ಆ ಸಿಟ್ಟಿಗೆ ಮೂಡಿಗೆರೆಯಿಂದ ಒಂದು ಸೆಕೆಂಡ್ ಹ್ಯಾಂಡ್ ಬೈಕು ತರಿಸಿಯೇಬಿಟ್ಟೆ.

೧. ನಿಂಬೆಹಣ್ಣು

ಬೈಕನ್ನು ಓಡಿಸಿಕೊಂಡು ಬಂದವನು ನಮ್ಮ ಪಕ್ಕದ ಮನೆಯ ಜೀಪು ಡ್ರೈವರ್. ಹಿಂದಿನ ತಿಂಗಳಷ್ಟೇ ಅವನೂ ಹೊಸ ಜೀಪು ತಂದು ನನ್ನಿಂದಲೇ ಪೂಜೆ ಮಾಡಿಸಿಕೊಂಡಿದ್ದ.

ನನ್ನ ಬೈಕಿನ ಪೂಜೆಯನ್ನು ನಾನೇ ಮಾಡಿದೆ. ಮನೆಯಲ್ಲೇ ಪುರೋಹಿತ ಇರುವಾಗ ಇನ್ನೊಬ್ಬರನ್ನು ಯಾಕೆ ಕರೆಯಬೇಕು? ಹಾರ ಹಾಕಿ, ಆರತಿ ಎತ್ತಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ಇಷ್ಟು ವರ್ಷ ಆ ಹಂತಕ್ಕೆ ಬಂದಾಗ ನಾನು ಪಕ್ಕಕ್ಕೆ ಸರಿದು "ಹ್ಞೂಂ, ಹತ್ತಿಸಿ" ಎನ್ನುತ್ತಿದ್ದೆ, ಗಾಡಿಯವರು ಹತ್ತಿಸುತ್ತಿದ್ದರು. ಇವತ್ತು ಗಾಡಿಯವನೂ ನಾನೇ ಅನ್ನುವುದು ಆಗ ನೆನಪಾಯಿತು.

ಡ್ರೈವರ್ ಗಾಡಿಯನ್ನು ಸ್ಟಾರ್ಟ್ ಮಾಡಿ, ಗೇರಿಗೆ ಹಾಕಿ ಕೊಟ್ಟ. "ಕ್ಲಚ್ಚು ಮೆಲ್ಲ ಬಿಡಿ ಭಟ್ರೆ, ಮೆಲ್ಲ."

ಮೆಲ್ಲ ಎಂದರೆ ಎಷ್ಟು ಮೆಲ್ಲ ಅಂತ ಅವನು ಹೇಳಲಿಲ್ಲ. ನಾನು ಬಿಟ್ಟೆ. ಬೈಕು ಒಮ್ಮೆ ನೆಗೆದು, ಅಂಗಳ ದಾಟಿ, ತುಳಸಿಕಟ್ಟೆಯನ್ನು ತಪ್ಪಿಸಿ, ಕೊಟ್ಟಿಗೆ ಹಿಂದಿನ ಗೊಬ್ಬರದ ಗುಂಡಿಗೆ ನನ್ನ ಸಮೇತ ಇಳಿಯಿತು. ಗೊಬ್ಬರ ಮೆತ್ತಗಿದ್ದುದರಿಂದ ಒಂದು ಗಾಯವೂ ಆಗಲಿಲ್ಲ. ನಮ್ಮನೆಯವಳು ಓಡಿ ಬಂದು ನನ್ನ ಕೈಕಾಲು ನೋಡಿ, ನಿಟ್ಟುಸಿರು ಬಿಟ್ಟು, ಮೂಗು ಮುಚ್ಚಿಕೊಂಡಳು. ಆಮೇಲೆ ಅಂಗಳಕ್ಕೆ ಹೋಗಿ ನಿಂಬೆಹಣ್ಣು ಎತ್ತಿ ನೋಡಿದಳು. ಅದಕ್ಕೆ ಏನೂ ಆಗಿರಲಿಲ್ಲ. "ಸ್ನಾನ ಮಾಡಿ ಬನ್ನಿ, ಪಾನಕಕ್ಕಾಯ್ತು" ಎಂದು ಒಳಗೆ ತೆಗೆದುಕೊಂಡು ಹೋದಳು.

ಡ್ರೈವರ್ ಮಾತ್ರ ನಗಲಿಲ್ಲ. ಗುಂಡಿಯ ಅಂಚಿನಲ್ಲಿ ನಿಂತು ಒಮ್ಮೆ ನನ್ನನ್ನು, ಒಮ್ಮೆ ರಸ್ತೆಯಲ್ಲಿದ್ದ ತನ್ನ ಹೊಸ ಜೀಪನ್ನು ನೋಡಿದ.

"ಭಟ್ರೆ, ನನ್ನ ಗಾಡಿಗೂ ಇದೇ ಮಂತ್ರನಾ ಹೇಳಿದ್ದು?"

೨. ಇಳಿಜಾರು ಇದೆಯಾ?

ಆ ಪ್ರಶ್ನೆ ನನ್ನ ನಿದ್ದೆ ಕೆಡಿಸಿತು. ವಾಹನಪೂಜೆಯ ಭಟ್ಟರೇ ಗುಂಡಿಗೆ ಬಿದ್ದರು ಅಂತ ಸುದ್ದಿಯಾದರೆ ಮುಂದಿನ ಆಯುಧಪೂಜೆಗೆ ನಮ್ಮ ಅಂಗಳಕ್ಕೆ ಯಾರು ಬರುತ್ತಾರೆ? ಹಾಗಾಗಿ ಬೇಗ ಕಲಿಯಲೇಬೇಕಿತ್ತು. ಗುರು ಅದೇ ಡ್ರೈವರ್.

ಅವನು ಕಲಿಸಿದ್ದು ನಮ್ಮ ಕಡೆಯ ವಿದ್ಯೆ. ಇಳಿಜಾರು ಬಂದ ಕೂಡಲೇ ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವುದು, ಪೆಟ್ರೋಲು ಉಳಿಯುತ್ತದೆ. ಗುಂಡಿಗೆ ಬಿದ್ದ ಏಟಿಗೆ ನನ್ನ ಬೈಕಿನ ಕಿಕ್ಕರ್ ಕೆಟ್ಟಿತ್ತು, ಒದ್ದರೆ ಕಾಲು ನೋಯುತ್ತಿತ್ತೇ ಹೊರತು ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ. "ಅದಕ್ಕೆಂತ ರಿಪೇರಿ? ಇಳಿಜಾರಲ್ಲಿ ಬಿಡಿ, ಸೆಕೆಂಡ್ ಗೇರಿಗೆ ಹಾಕಿ, ಕ್ಲಚ್ಚು ಬಿಡಿ, ತನ್ನಷ್ಟಕ್ಕೇ ಸ್ಟಾರ್ಟ್ ಆಗ್ತದೆ" ಎಂದ. ಹಾಗೇ ಆಯಿತು. ನಿಲ್ಲಿಸುವುದೂ ಸುಲಭವೇ. ಏರು ಬಂದಾಗ ಆಕ್ಸಿಲರೇಟರ್ ಬಿಟ್ಟರೆ ಬೈಕು ತಾನಾಗಿ ನಿಲ್ಲುತ್ತಿತ್ತು. ಬ್ರೇಕು ಹಿಡಿದರೆ ಜಾರುತ್ತದೆಂದು ಹೆದರಿ ನಾನು ಅದರ ತಂಟೆಗೇ ಹೋಗುತ್ತಿರಲಿಲ್ಲ.

ಹೀಗೆ ಇಳಿಜಾರಲ್ಲಿ ಹತ್ತಿ, ಏರಿನಲ್ಲಿ ಇಳಿದು ಎರಡು ತಿಂಗಳಲ್ಲಿ ಸುತ್ತಲಿನ ಊರೆಲ್ಲ ತಿರುಗಿದೆ. ತೊಂದರೆ ಒಂದೇ. ಇಳಿಜಾರಿಲ್ಲದ ಕಡೆ ನಿಲ್ಲಿಸಿದರೆ ವಾಪಸು ಹೊರಡುವಂತಿಲ್ಲ. ಅದಕ್ಕೆ ಪೂಜೆಗೆ ಕರೆಯಲು ಬಂದವರ ಹತ್ತಿರ ಗೋತ್ರ ನಕ್ಷತ್ರ ಕೇಳುವ ಮೊದಲು, "ನಿಮ್ಮನೆ ಎದುರು ಇಳಿಜಾರು ಇದೆಯಾ?" ಎಂದು ಕೇಳತೊಡಗಿದೆ.

ಒಬ್ಬ ಯಜಮಾನರು ಖುಷಿಯಿಂದ ಹೇಳಿದರು, "ಇಲ್ಲ ಭಟ್ರೆ, ನಮ್ಮದು ಗದ್ದೆ ಬಯಲು. ಕೇರಂ ಬೋರ್ಡಿನ ಹಾಗೆ ಸಮ ಇದೆ."

ನಾನು ಪಂಚಾಂಗ ಮುಚ್ಚಿದೆ. "ಹಾಗಾದ್ರೆ ಈ ತಿಂಗಳು ನಿಮಗೆ ಮುಹೂರ್ತ ಇಲ್ಲ."

೩. ರಾಹುಕಾಲ

ಒಂದು ಬುಧವಾರ ಬೆಳಿಗ್ಗೆ ಎಂಟೂವರೆಗೆ ಒಂದು ಕಾಫಿ ಎಸ್ಟೇಟಿನ ಗೇಟಿನ ಹತ್ತಿರ ಹೋಗುತ್ತಿದ್ದಾಗ ನನ್ನ ಪಂಚೆಯ ತುದಿ ಬೈಕಿನ ಚೈನಿಗೆ ಸಿಕ್ಕಿಕೊಂಡಿತು. ಗಾಡಿ ನಿಂತಿತು. ಪುಣ್ಯಕ್ಕೆ ಬೀಳಲಿಲ್ಲ. ಆದರೆ ಇಳಿಯುವ ಹಾಗೂ ಇಲ್ಲ. ಇಳಿದರೆ ನಾನು ಮಾತ್ರ ಇಳಿಯುತ್ತಿದ್ದೆ, ಪಂಚೆ ಬೈಕಿನ ಮೇಲೇ ಇರುತ್ತಿತ್ತು. ಎರಡೂ ಕಾಲು ನೆಲಕ್ಕೆ ಊರಿ ಸುಮ್ಮನೆ ಕೂತೆ.

ಅಷ್ಟರಲ್ಲಿ ಕೆಲಸಕ್ಕೆ ಹೊರಟ ಹೆಂಗಸರ ಗುಂಪು ಬಂತು. ಮುಂದೆ ಅವರ ಮೇಸ್ತ್ರಿ. "ಎಂತ ಭಟ್ರೆ, ಇಲ್ಲಿ ಕೂತಿದ್ದೀರಿ?"

ಇಷ್ಟು ಹೆಂಗಸರ ಎದುರು ನಿಜ ಹೇಳುವುದು ಹೇಗೆ? "ರಾಹುಕಾಲ, ಕಳೀಲಿ ಅಂತ" ಎಂದುಬಿಟ್ಟೆ. ಅವರು ಮುಂದೆ ಹೋಗುತ್ತಾರೆ, ಆಮೇಲೆ ಮೆಲ್ಲಗೆ ಬಿಡಿಸಿಕೊಳ್ಳಬಹುದು ಎಂಬುದು ನನ್ನ ಲೆಕ್ಕ.

ಮೇಸ್ತ್ರಿ ನಿಂತ. ಹಿಂದಿನವರೂ ನಿಂತರು. "ಭಟ್ರೇ ಹೆಜ್ಜೆ ಮುಂದೆ ಇಡದಿದ್ದ ಮೇಲೆ ನಾವೆಂತಕ್ಕೆ ಇಡೂದು? ಕೂತ್ಕೊಳ್ಳಿ" ಎಂದ. ಅಷ್ಟೂ ಹೆಂಗಸರು ನನ್ನ ಎದುರಿಗೇ ರಸ್ತೆ ಬದಿಯಲ್ಲಿ ಸಾಲಾಗಿ ಕೂತು ಎಲೆಅಡಿಕೆ ಬಿಚ್ಚಿದರು. ಒಬ್ಬಾಕೆ ನನಗೂ ಒಂದು ಎಲೆ ಕೊಟ್ಟಳು. ಬೇಡವೆನ್ನಲು ಆಗಲಿಲ್ಲ, ತಗೊಂಡೆ.

ಅರ್ಧ ಗಂಟೆ ಕಳೆಯಿತು. ಕೆಲಸದವರು ಯಾಕೆ ಬಂದಿಲ್ಲ ಎಂದು ನೋಡಲು ಎಸ್ಟೇಟಿನ ಸಾಹುಕಾರರೇ ಜೀಪಿನಲ್ಲಿ ಬಂದರು. ಮೇಸ್ತ್ರಿ ಎದ್ದು ನಿಂತು ವಿಷಯ ಹೇಳಿದ. ಅವರು ಗಡಿಯಾರ ನೋಡಿದರು. "ಬುಧವಾರ ರಾಹುಕಾಲ ಮಧ್ಯಾಹ್ನ ಹನ್ನೆರಡಕ್ಕಲ್ವಾ ಭಟ್ರೆ? ಬೆಳಿಗ್ಗೆ ಇದೆಂಥ ರಾಹು?"

ನಾನು ಸೋತೆ. ಬೆರಳು ತೋರಿಸಿ ಹೇಳಿದೆ, "ಇವನು ಬೇರೆ ರಾಹು. ಚೈನಿನಲ್ಲಿದ್ದಾನೆ."

ಸಾಹುಕಾರರು ಬಗ್ಗಿ ನೋಡಿದರು. ಆಮೇಲೆ ಜೀಪಿನ ಬಾನೆಟ್ ಹಿಡಿದುಕೊಂಡು ನಕ್ಕರು. ಹೆಂಗಸರನ್ನೆಲ್ಲ ಒಳಗೆ ಕಳಿಸಿ, ತಾವೇ ಪಂಚೆ ಬಿಡಿಸಿಕೊಟ್ಟರು. ಆ ಉಪಕಾರ ಮರೆಯುವುದಿಲ್ಲ. ಮೇಸ್ತ್ರಿ ಮಾತ್ರ ಇವತ್ತಿಗೂ ದಾರಿಯಲ್ಲಿ ಸಿಕ್ಕಿದರೆ ಕೈಮುಗಿದು ಕೇಳುತ್ತಾನೆ, "ಇವತ್ತು ರಾಹು ಎಲ್ಲಿದ್ದಾನೆ ಭಟ್ರೆ, ಆಕಾಶದಲ್ಲಾ, ಚೈನಲ್ಲಾ?"

೪. ಎಂಟು

ಲೈಸೆನ್ಸಿಗೆ ಚಿಕ್ಕಮಗಳೂರಿಗೆ ಹೋದೆವು. ಬೈಕಿನಲ್ಲೇ ಹೋದದ್ದು. ಮುಂದೆ ಡ್ರೈವರ್, ಹಿಂದೆ ನಾನು. ಪರೀಕ್ಷೆಯ ಮೈದಾನ ನೋಡಿದೆ. ಅಂಗೈಯಷ್ಟು ಸಮ. ಎಲ್ಲಿ ನೋಡಿದರೂ ಒಂದು ಇಳಿಜಾರಿಲ್ಲ.

ಇನ್‌ಸ್ಪೆಕ್ಟರು, "ಸ್ಟಾರ್ಟ್ ಮಾಡಿ, ಎಂಟು ಹಾಕಿ" ಎಂದರು. ನಾನು ಡ್ರೈವರ್‌ನ ಮುಖ ನೋಡಿದೆ, ಅವನು ಮರದ ಕಡೆ ನೋಡಿದ. ಕೊನೆಗೆ ಸರದಿಯಲ್ಲಿದ್ದ ಇಬ್ಬರು ಕಾಲೇಜು ಹುಡುಗಿಯರಿಗೆ ಕನಿಕರ ಬಂದು ಹಿಂದಿನಿಂದ ದೂಡಿದರು. ಬೈಕು ಸ್ಟಾರ್ಟ್ ಆಯಿತು.

ಎಂಟು ಹಾಕಿದೆ. ನಾನೇ ನಂಬಲಿಲ್ಲ, ಕಾಲು ಊರದೆ ಚೆನ್ನಾಗಿ ಹಾಕಿದೆ. ನಮ್ಮ ಘಾಟಿಯ ತಿರುವು ತಿರುಗಿಸಿದವನಿಗೆ ಎಂಟು ಯಾವ ಲೆಕ್ಕ! ಇನ್‌ಸ್ಪೆಕ್ಟರು ತಲೆಯಾಡಿಸಿದರು. ನಾನು ಇನ್ನೊಂದು ಎಂಟು ಹಾಕಿದೆ. ಮತ್ತೊಂದು. ಐದನೆಯದಕ್ಕೆ ಅವರು ಕೈ ಎತ್ತಿ ಕೂಗಿದರು, "ಸಾಕು ಸ್ವಾಮಿ, ಪ್ರದಕ್ಷಿಣೆ ಸಾಕು, ನಿಲ್ಸಿ!"

"ಏರು ಎಲ್ಲಿದೆ ಸಾರ್?"

ಡ್ರೈವರ್ ಓಡಿಬಂದು ಹಿಂದಿನಿಂದ ಕ್ಯಾರಿಯರ್ ಹಿಡಿದು ಜಗ್ಗಿ ನಿಲ್ಲಿಸಿದ. ಇನ್‌ಸ್ಪೆಕ್ಟರು ಒಳ್ಳೆಯ ಮನುಷ್ಯ, ಬೈಯಲಿಲ್ಲ. "ಮುಂದಿನ ತಿಂಗಳು ಬನ್ನಿ. ಬರುವಾಗ ಬ್ರೇಕನ್ನೂ ಕಲ್ತು ಬನ್ನಿ" ಎಂದರು. ಕಿಕ್ಕರ್ ರಿಪೇರಿ ಮಾಡಿಸಿ, ಆ ಸಾಹುಕಾರರ ಕಾಫಿ ಒಣಗಿಸುವ ಕಣ ಮಳೆಗಾಲದಲ್ಲಿ ಖಾಲಿ ಇದ್ದುದರಿಂದ ಅಲ್ಲಿ ತಿಂಗಳಿಡೀ ಹೊರಡುವುದು, ನಿಲ್ಲುವುದು ಎರಡನ್ನೇ ಕಲಿತೆ. ಎರಡನೆಯ ಸಲ ಪಾಸಾದೆ. ನನ್ನನ್ನು ನೋಡಿದ ಕೂಡಲೇ ಇನ್‌ಸ್ಪೆಕ್ಟರು ಮೊದಲು ಹೇಳಿದ್ದು, "ಎಲ್ರೂ ಸ್ವಲ್ಪ ಹಿಂದೆ ನಿಂತ್ಕೊಳ್ಳಿ."

೫. ದಕ್ಷಿಣೆ

ಲೈಸೆನ್ಸೇನೋ ಬಂತು. ಆದರೆ ಅಷ್ಟರಲ್ಲಿ ಗೊಬ್ಬರದ ಗುಂಡಿ, ಚೈನಿನ ರಾಹು, ಚಿಕ್ಕಮಗಳೂರಿನ ಪ್ರದಕ್ಷಿಣೆ ಎಲ್ಲ ಸುದ್ದಿಯಾಗಿತ್ತು. ಪ್ರತಿ ವರ್ಷ ಆಯುಧಪೂಜೆಗೆ ಎಂಟು ದಿನ ಮೊದಲೇ ಜೀಪಿನವರು ಬಂದು ಹೊತ್ತು ಗೊತ್ತು ಮಾಡಿಕೊಂಡು ಹೋಗುತ್ತಿದ್ದರು. ಆ ವರ್ಷ ಒಬ್ಬನೂ ಬರಲಿಲ್ಲ. ನಮ್ಮನೆಯವಳು ಬೂದುಗುಂಬಳ ತರಿಸಿ ಜಗುಲಿಯಲ್ಲಿ ಪೇರಿಸಿದ್ದಳು. "ಯಾರೂ ಬಾರದಿದ್ರೆ ಹುಳಿ ಮಾಡುವ, ಎಷ್ಟು ದಿನ ಬರ್ತದೋ ನೋಡುವ" ಎಂದಳು. ನನಗೆ ನಗು ಬರಲಿಲ್ಲ. ನಿಜ ಹೇಳುತ್ತೇನೆ, ಹೆದರಿದ್ದೆ.

ಆಯುಧಪೂಜೆಯ ಬೆಳಿಗ್ಗೆ ಎಂಟಾದರೂ ಅಂಗಳ ಖಾಲಿ. ಆಮೇಲೆ ಡ್ರೈವರ್ ನಡೆದು ಬಂದ. ಅವನ ಹಿಂದೆ ಉಳಿದ ಜೀಪಿನವರು. ಅವರ ನಡುವೆ ಮೇಲಿನೂರಿನ ಹಿರಿಯ ಭಟ್ಟರು! ನನಗಿಂತ ಮೊದಲು ಈ ಸೀಮೆಯ ಗಾಡಿಗಳಿಗೆಲ್ಲ ಪೂಜೆ ಮಾಡುತ್ತಿದ್ದವರು. ನನ್ನ ಕತೆ ಮುಗಿಯಿತು ಅಂದುಕೊಂಡೆ.

ಡ್ರೈವರ್ ಗಂಟಲು ಸರಿಮಾಡಿಕೊಂಡ. "ಭಟ್ರೆ, ನಾವೆಲ್ಲ ಕೂತು ಮಾತಾಡಿದ್ವಿ. ನೀವು ಪೂಜೆ ಮಾಡಿದ ಒಂದು ಜೀಪೂ ಗುಂಡಿಗೆ ಬಿದ್ದಿಲ್ಲ. ಬಿದ್ದದ್ದು ನಿಮ್ಮ ಬೈಕು ಮಾತ್ರ. ಅಂದ್ಮೇಲೆ ಮಂತ್ರದಲ್ಲಿ ದೋಷ ಇಲ್ಲ. ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಕೋಬೇಡಿ. ನಿಮ್ಮ ಬೈಕಿನ ಪೂಜೆಗೆ ದಕ್ಷಿಣೆ ಯಾರಿಗೆ ಕೊಟ್ರಿ?"

ನಾನು ತಡವರಿಸಿದೆ. "ಬಲಗೈಯಿಂದ ಎಡಗೈಗೆ ಕೊಟ್ಟೆ."

"ನೋಡಿ, ಅದೇ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ದಕ್ಷಿಣೆ ಇಲ್ಲದ ಪೂಜೆಗೆ ಫಲವಿಲ್ಲ ಎಂದು ಮನೆಮನೆಯಲ್ಲಿ ಹೇಳಿಕೊಂಡು ಬಂದವನು ನಾನೇ. ಮೊದಲು ನನ್ನ ಬೈಕಿನ ಪೂಜೆ ಸರಿಯಾಗಿ ಆಗಬೇಕು, ಆಮೇಲೆ ತಮ್ಮ ಜೀಪಿಗೆ ನಾನೇ ಪೂಜೆ ಮಾಡಬೇಕು ಎಂಬುದು ಅವರ ತೀರ್ಮಾನ.

ಹಿರಿಯ ಭಟ್ಟರು ನನ್ನನ್ನು ಮಣೆಯ ಮೇಲೆ ಕೂರಿಸಿ ಸಂಕಲ್ಪ ಮಾಡಿಸಿದರು. ನಡುವೆ ಎರಡು ಸಲ ನನ್ನ ಉಚ್ಚಾರ ತಿದ್ದಿದರು, ಸಹಿಸಿಕೊಂಡೆ. ದಕ್ಷಿಣೆ ಕೊಟ್ಟು ಕಾಲಿಗೆ ಬಿದ್ದೆ. ನಿಂಬೆಹಣ್ಣು ಇಟ್ಟು ಅವರು ಪಕ್ಕಕ್ಕೆ ಸರಿದರು. "ಹ್ಞೂಂ, ಹತ್ತಿಸು."

ಜೀಪಿನವರೆಲ್ಲ ಜಗುಲಿ ಹತ್ತಿ ನಿಂತರು. ಒಂದೇ ಒದೆತಕ್ಕೆ ಸ್ಟಾರ್ಟ್ ಆಯಿತು. ಕ್ಲಚ್ಚು ಮೆಲ್ಲ ಬಿಟ್ಟೆ, ನಿಜವಾಗಿ ಮೆಲ್ಲ. ನಿಂಬೆಹಣ್ಣು ಪಚಕ್ ಎಂದಿತು. ಅಂಗಳ ದಾಟಿ, ಗೊಬ್ಬರದ ಗುಂಡಿಗೆ ಒಂದು ಮಾರು ಇರುವಾಗ ಬ್ರೇಕು ಹಿಡಿದೆ. ಬೈಕು ನಿಂತಿತು. ಡ್ರೈವರ್ ರಸ್ತೆಯ ಕಡೆ ಕೈಬೀಸಿದ. ಬೇಲಿಯಾಚೆ ಸಾಲಾಗಿ ನಿಂತಿದ್ದ ಜೀಪುಗಳಲ್ಲಿ ಕಾದು ಕೂತಿದ್ದ ಕ್ಲೀನರ್ ಹುಡುಗರು ಒಟ್ಟಿಗೆ ಹಾರನ್ ಹೊಡೆದರು. ನನಗೆ ಕಣ್ಣೀರೇ ಬಂತು. ಆ ದಿನ ಮಧ್ಯಾಹ್ನದ ತನಕ ಕುಂಬಳಕಾಯಿ ಒಡೆದೆ, ಹುಳಿಗೆ ಒಂದೂ ಉಳಿಯಲಿಲ್ಲ.

ಊಟ ಮುಗಿಸಿ ಹಿರಿಯ ಭಟ್ಟರು ಹೊರಟರು. ನಾನು ಹೆಮ್ಮೆಯಿಂದ ಬೈಕಿನ ಸೀಟು ಒರೆಸಿದೆ. "ಹತ್ತಿ, ಮನೆ ತನಕ ಬಿಟ್ಟು ಬರ್ತೇನೆ."

ಅವರು ಡ್ರೈವರ್‌ನ ಜೀಪಿನ ಕಡೆ ನಡೆಯುತ್ತಲೇ ಹೇಳಿದರು, "ಬೇಡ ಮಾರಾಯ, ನಾನು ಇದರಲ್ಲೇ ಹೋಗ್ತೇನೆ."

"ಯಾಕೆ? ಬೈಕಿಗೆ ನೀವೇ ಪೂಜೆ ಮಾಡಿದ್ರಲ್ಲ!"

ಅವರು ಜೀಪಿನೊಳಗೆ ಕೂತು, ಶಲ್ಯ ಸರಿಮಾಡಿಕೊಂಡು ನನ್ನನ್ನು ನೋಡಿದರು.

"ಅದಕ್ಕೇ ಹೇಳಿದ್ದು. ಜೀಪಿಗೆ ಪೂಜೆ ಮಾಡಿದ್ದು ನೀನಲ್ವಾ?"