ತೊಳೆದ ಗಾಲಿಗಳು, ಕಾಕಾನ ಮೀನು

ನಮ್ಮದು ಗೋಕಾಕದ ಹೊರಗೆ, ಊರಿನ ಗಟಾರದ ನೀರು ಶುದ್ಧ ಮಾಡುವ ಘಟಕ. ಇಲ್ಲಿ ನಗು ಬರುವಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ನಕ್ಕ ಮೇಲೆ ಮುಖ ಎಲ್ಲಿಟ್ಟುಕೊಳ್ಳಬೇಕು ಅನ್ನುವುದೇ ತಿಳಿಯುವುದಿಲ್ಲ. ನಾನು ಇಲ್ಲಿಯ ಕೆಮಿಸ್ಟ್. ದಿನಾ ಹತ್ತರಗಿಯಿಂದ ಬಸ್ಸಿಗೆ ಬರುತ್ತೇನೆ. ಮಾತು ಕಮ್ಮಿ.

೧. ರಜೆಯಿಲ್ಲದ ಮಂದಿ

ನಾವು ಬಿಟ್ಟ ನೀರು ನಾಲಾ ಹಿಡಿದು ಹೋಗಿ ಒಬ್ಬ ಕಾಕಾನ ಹೊಂಡ ಸೇರುತ್ತದೆ. ಹಿಡಕಲ್ ಡ್ಯಾಮಿನಿಂದ ಮರಿ ತಂದು ಅವರು ವರ್ಷವಿಡೀ ಸಾಕಿದ ಮೀನು ಅದರಲ್ಲಿ. ಮನೆ ನಡೆಯುವುದು ಅವುಗಳ ಮೇಲೆಯೇ. ನೀರಿನಲ್ಲಿ ಅಮೋನಿಯಾ ಹೆಚ್ಚಾದರೆ ಮೀನು ಬದುಕುವುದಿಲ್ಲ. ಅದಕ್ಕೇ ಕಾಕಾ ಆಗಾಗ ಬಂದು ನಮ್ಮ ಟ್ಯಾಂಕಿನೊಳಗೆ ಇಣುಕುತ್ತಾರೆ.

ಟ್ಯಾಂಕಿನ ತುಂಬ ಸಣ್ಣ ಪ್ಲಾಸ್ಟಿಕ್ ಗಾಲಿಗಳು ಗಿರಗಿರ ತಿರುಗುತ್ತಿರುತ್ತವೆ. ಒಂದೊಂದರ ಮೈಗೂ ಕಂದು ಲೋಳೆ. ಆ ಲೋಳೆಯಲ್ಲಿರುವ ಸೂಕ್ಷ್ಮಜೀವಿಗಳೇ ಅಮೋನಿಯಾ ತಿನ್ನುವುದು. ನಮ್ಮ ಕೆಲಸ ಅವಕ್ಕೆ ಗಾಳಿ ಊದುವುದಷ್ಟೇ. ಇದನ್ನು ನಾನು ಅರ್ಧ ಇಂಗ್ಲಿಷಿನಲ್ಲಿ ತಡವರಿಸಿ ಹೇಳಿದೆ.

"ಐತವಾರನೂ ಕೆಲಸ ಮಾಡ್ತಾವೇನು?" ಕಾಕಾ ಕೇಳಿದರು.

"ಹೂಂ ಕಾಕಾ."

"ರಜಾ ಇಲ್ಲ, ಸಂಘ ಇಲ್ಲ, ಸತ್ತರ ಕೇಳವರಿಲ್ಲ. ಹಂಗಾದ್ರ ಅವು ಕಾಂಟ್ರ್ಯಾಕ್ಟ್ ಮಂದಿನ ಬಿಡು ತಂಗಿ."

ಬಾಜೂ ನಿಂತಿದ್ದ ನಮ್ಮ ಆಪರೇಟರ್ ಆರು ವರ್ಷದಿಂದ ಕಾಂಟ್ರ್ಯಾಕ್ಟ್ ಮೇಲಿದ್ದಾರೆ. ಅವರೊಬ್ಬರು ನಗಲಿಲ್ಲ.

೨. ಸಾಹೇಬರು ಬರುತ್ತಾರಂತೆ

ಸೋಮವಾರ ದೊಡ್ಡ ಸಾಹೇಬರು ನೋಡಲು ಬರುತ್ತಾರೆಂದು ಸುದ್ದಿ ಬಂತು. ಮ್ಯಾನೇಜರ್ ಗೋಡೆಗೆ ಸುಣ್ಣ ಹೊಡೆಸಿದರು, ಹೂವಿನ ಕುಂಡ ತರಿಸಿದರು. ಶನಿವಾರ ನಾನು ಬರುವಷ್ಟರಲ್ಲಿ ಆಪರೇಟರ್ ನಾಲ್ಕು ಜನರನ್ನು ಕಟ್ಟಿಕೊಂಡು, ಗಾಲಿಗಳನ್ನೆಲ್ಲ ಮೇಲೆತ್ತಿ, ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕುತ್ತಿದ್ದರು.

"ಅದು... ತೊಳೀಬಾರದು," ಅಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

"ದೂರ ನಿಲ್ರಿ ಮೇಡಂ, ಡ್ರೆಸ್ಸಿಗೆ ಹಾರತೈತಿ. ಎಷ್ಟ ಹೊಲಸ ಕಟ್ಟಿತ್ತು ನೋಡ್ರಿ! ಇಷ್ಟ ದಿನ ಯಾರೂ ಕೈ ಹಚ್ಚಿಲ್ಲ."

ಎರಡನೇ ಸಲ ಹೇಳುವ ಧೈರ್ಯ ಬರುವಷ್ಟರಲ್ಲಿ ಗಾಲಿಗಳು ಹಾಲಿನಂತೆ ಬೆಳ್ಳಗಾಗಿದ್ದವು. ಆ ಲೋಳೆ ಮತ್ತೆ ಕಟ್ಟಲು ವಾರಗಟ್ಟಲೆ ಬೇಕು. ಮ್ಯಾನೇಜರ್ ಹತ್ತಿರ ಓಡಿದೆ. ಜೀವಿಗಳೆಲ್ಲ ಸತ್ತಿವೆ ಅಂದೆ. ಅವರು ಹೂವಿನ ಕುಂಡ ಸರಿಸುತ್ತಲೇ ಕೇಳಿದರು.

"ಸತ್ತದ್ದು ಕಣ್ಣಿಗೆ ಕಾಣತೈತೇನ್ರಿ?"

"ಇಲ್ಲ ಸರ್."

"ಮತ್ತ್ಯಾಕ ಚಿಂತಿ? ಸೋಮವಾರ ಮುಗೀಲಿ."

೩. ನಾನು ಕೊಟ್ಟ ಎಚ್ಚರಿಕೆ

ಐತವಾರ ನೀರು ಪರೀಕ್ಷೆ ಮಾಡಿದೆ. ಔಷಧಿ ಹನಿಸಿದ ಕೂಡಲೇ ಸೀಸೆಯ ನೀರು ಕಡಕ್ ಚಹಾದ ಬಣ್ಣಕ್ಕೆ ತಿರುಗಿತು. ಅಂದರೆ ಅಮೋನಿಯಾ ಹಾಗೇ ಹೊರಗೆ ಹೋಗುತ್ತಿತ್ತು. ಕಾಕಾಗೆ ಫೋನ್ ಮಾಡಬೇಕಿತ್ತು. ಫೋನಿನಲ್ಲಿ ಮಾತಾಡುವುದೆಂದರೆ ನನಗೆ ಎದೆ ಡವಡವ. ಅದಕ್ಕೆ ಮೆಸೇಜ್ ಕಳಿಸಿದೆ. ಕನ್ನಡದಲ್ಲಿ ಬರೆದರೆ ತಪ್ಪಾದೀತೆಂದು ಇಂಗ್ಲಿಷಿನಲ್ಲೇ ಬರೆದೆ: ನೀರು ಕೆಟ್ಟಿದೆ, ದಯವಿಟ್ಟು ಹೊಂಡದ ಗೇಟು ಮುಚ್ಚಿ.

ಎರಡೇ ನಿಮಿಷಕ್ಕೆ ಉತ್ತರ ಬಂತು: ಮುಗಿದ ಕೈಯ ಚಿತ್ರ, ಒಂದು ಗುಲಾಬಿ. ನನಗೆ ನಿರಾಳವಾಯಿತು.

ಆಮೇಲೆ ತಿಳಿಯಿತು, ಕಾಕಾಗೆ ಇಂಗ್ಲಿಷ್ ಬಾರದು. ದಿನಾ ಮುಂಜಾನೆ ಯಾರ್‍ಯಾರೋ ಕಳಿಸುವ ಶುಭೋದಯ ಅಂತ ತಿಳಿದು, ನನಗೂ ಹೂವು ಕೊಟ್ಟಿದ್ದರು. ಗೇಟು ತೆರೆದೇ ಇತ್ತು.

೪. ಬುಟ್ಟಿ

ಸೋಮವಾರ ಸಾಹೇಬರು ಬೆಳ್ಳನೆಯ ಗಾಲಿಯೊಂದನ್ನು ಕೈಯಲ್ಲಿ ಹಿಡಿದು, "ಏನ್ ಸ್ವಚ್ಛ ಇಟ್ಟೀರಿ!" ಅನ್ನುತ್ತಿದ್ದರು. ಆಗ ಕಾಕಾ ಬಂದರು. ತಲೆಯ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಟವೆಲ್. ಅದನ್ನು ಸಾಹೇಬರ ಮುಂದಿಟ್ಟು ಟವೆಲ್ ಸರಿಸಿದರು. ತುಂಬ ಸತ್ತ ಮೀನು.

"ರೈತರು ಪ್ರೀತೀಲೆ ತಂದಾರ್ರಿ ಸರ್," ಅಂದುಬಿಟ್ಟರು ಮ್ಯಾನೇಜರ್.

"ಛೇ, ಇದೆಲ್ಲ ಬ್ಯಾಡ," ಅನ್ನುತ್ತಲೇ ಸಾಹೇಬರು ಎಲ್ಲಕ್ಕಿಂತ ದೊಡ್ಡ ಮೀನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಪೇಪರಿನವರು ಫೋಟೋ ಹೊಡೆದರು. ಬುಟ್ಟಿ ಕಾರಿನಲ್ಲಿಡಲು ಡ್ರೈವರ್ ಬಂದ.

"ತಿನ್ನಬ್ಯಾಡ್ರಿ ಸರ್!" ಅಂತ ಯಾರೋ ಚೀರಿದರು. ಎಲ್ಲರೂ ನನ್ನ ಕಡೆ ತಿರುಗಿದಾಗಲೇ ಗೊತ್ತಾಯಿತು, ಚೀರಿದ್ದು ನಾನು.

"ಯಾಕ? ನೀರು ಸ್ವಚ್ಛ ಐತಲ್ಲ?" ಸಾಹೇಬರು ಕೇಳಿದರು.

ಕಾಕಾ ಮೊದಲ ಸಲ ಬಾಯಿ ಬಿಟ್ಟರು. "ಭಾಳ ಸ್ವಚ್ಛ ಐತ್ರಿ ಸಾಹೇಬ್ರ. ಅದರಾಗ ಈಗ ಏನೂ ಉಳಿದಿಲ್ಲ."

ಮರುದಿನ ಪೇಪರಿನಲ್ಲಿ ಸಾಹೇಬರು ಮೀನು ಹಿಡಿದ ಫೋಟೋ ಮಾತ್ರ ಬಂತು, ಮೀನು ಸತ್ತ ಸುದ್ದಿ ಬರಲಿಲ್ಲ.

ಎಂಟು ದಿನದ ಮೇಲೆ ಕ್ಷಮೆ ಕೇಳಲು ಹೊಂಡಕ್ಕೆ ಹೋದೆ. ನೀರಿನ ಮೇಲೆ ಒಂದು ಗುಳ್ಳೆಯೂ ಇಲ್ಲ. ಗುಡಿಸಲಿನ ಗೋಡೆಗೆ ಆ ಫೋಟೋ, ಕಟ್ಟು ಹಾಕಿಸಿದ್ದು. ಮೇಲೆ ಹೂವಿನ ಹಾರ, ಕೆಳಗೆ ಊದಿನಕಡ್ಡಿ.

"ಮನ್ಯಾಗ ಸತ್ತವರ ಫೋಟೋ ಹಾಕ್ತೀವಲ್ಲ ತಂಗಿ," ಅಂದರು ಕಾಕಾ. "ಇವುಗಳದ್ದು ಬ್ಯಾರೆ ಫೋಟೋ ಇರಲಿಲ್ಲ."

ಹಾರ ಸರಿಯಾಗಿ ಸಾಹೇಬರ ಕೊರಳಿಗೆ ಬಿದ್ದಿತ್ತು.

"ಕಾಕಾ, ಸಾಹೇಬ್ರು ಇನ್ನೂ ಜೀವಂತ ಅದಾರಲ್ಲ?"

"ನಾನೂ ಅವರನ್ನ ಕತ್ತರಿಸಿ ತೆಗೀಬೇಕಂತ ಕತ್ತರಿ ಹಿಡಕೊಂಡು ಕುಂತಿದ್ದೆ ತಂಗಿ. ಏನ್ ಮಾಡ್ಲಿ, ಎರಡೂ ಕೈಲೆ ಹಿಡದಾರ, ಮೀನು ಬಿಡವಲ್ರು."