ಅಜ್ಜನ ಮೂಗಿಗೆ ಬಿದ್ದ ಪಟ್ಟಿ

ಅಡುಗೆಮನೆಯ ಕಪಾಟಿನ ಬಾಗಿಲು ನೆಟ್ಟಗೆ ಮುಚ್ಚುವುದಿಲ್ಲವೆಂದು ಮಹೀನ್ ತನ್ನ ಗಂಡ ಹೂಮನ್‌ಗೆ ಹೊಸ ವರ್ಷದ ನೌರೂಜ್ ಹಬ್ಬದಿಂದಲೂ ಹೇಳುತ್ತ ಬಂದಿದ್ದಳು. ಅವನೂ ಅಂದಿನಿಂದ "ನಾಳೆ" ಎನ್ನುತ್ತ ಬಂದಿದ್ದ. ಆ ಬೆಳಿಗ್ಗೆ ಅವನು ಕೆಲಸಕ್ಕೆ ಹೋದ ಮೇಲೆ ಅವಳು ಚಹಾದ ಲೋಟ ಹಿಡಿದು ತಿರುಗಿದ್ದೇ ತಡ, ತಾನಾಗಿ ತೆರೆದುಕೊಂಡಿದ್ದ ಬಾಗಿಲಿನ ಅಂಚು ಮೂಗಿಗೆ ಫಟಾರನೆ ಬಡಿಯಿತು.

ಮೂಗೂ ಹಾಗೆಯೇ ಇತ್ತೆನ್ನಿ, ಅವಳಿಗಿಂತ ಮುಂಚೆ ಹೊಸಿಲು ದಾಟುವಂಥದ್ದು. ನಡುವೆ ಗೂನು, ತುದಿ ಕೆಳಕ್ಕೆ. ಅವಳ ಅಪ್ಪನಿಂದ ಅವಳಿಗೆ ಬಂದು, ಅವಳಿಂದ ಮಗಳು ಗೆಲಾರೆಗೆ ದಾಟಿತ್ತು. ಗೆಲಾರೆಗೆ ಹದಿನೆಂಟು. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಮುಗಿದಿತ್ತು, ಗೆಳತಿಯರೆಲ್ಲ ಮೂಗು ಕೊಯ್ಯಿಸಿ ಚಿಕ್ಕದು ಮಾಡಿಸಿಕೊಳ್ಳಲು ಸಾಲು ಹಚ್ಚಿದ್ದರು. ಫೋನು ತೆರೆದರೆ ಸಾಕು, ಜಾಹೀರಾತು: ಒಂದು ಕಡೆ ಅಳುಮೋರೆಯ ಹುಡುಗಿ, ಇನ್ನೊಂದು ಕಡೆ ಅದೇ ಹುಡುಗಿ ಗೊಂಬೆಯ ಮೂಗು ಅಂಟಿಸಿಕೊಂಡು ನಗುತ್ತಿರುವುದು. ಮೂಗಿನ ಜೊತೆಗೆ ಫೋಟೋದ ಬೆಳಕನ್ನೂ ಬದಲಾಯಿಸಿದ್ದಾರೆಂಬುದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

"ನಾನು ಆ ಅಳೋಳ ಥರಾನೇ ಇದೀನಲ್ಲಮ್ಮ" ಎಂದು ಗೆಲಾರೆ ಒಮ್ಮೆ ಕಣ್ಣೀರು ಹಾಕಿದಾಗ ಮಹೀನ್‌ಳ ಕರುಳು ಚುರುಕ್ಕೆಂದಿತ್ತು. ಲೋಕದಲ್ಲಿ ಅವಳಿಗೆ ಎಲ್ಲಕ್ಕಿಂತ ಮುದ್ದಾದ ಮೂಗು ಅದೇ. "ಇದು ನಿನ್ನಜ್ಜನ ಮೂಗು ಕಣೇ. ನಾನು ಸಾಯೋವರೆಗೂ ನಂದನ್ನ ಮುಟ್ಟಲ್ಲ. ನೀನೂ ಮುಟ್ಟಬೇಡ" ಎಂದು ಮಾತು ತೆಗೆದುಕೊಂಡಿದ್ದಳು. ಆ ಮಾತೊಂದೇ ಹುಡುಗಿಯನ್ನು ಹಿಡಿದು ನಿಲ್ಲಿಸಿತ್ತು.

ಮೂಲೆಯ ಚಿಕಿತ್ಸಾಲಯದ ಡಾಕ್ಟರು, ಮೂಳೆ ಮುರಿದಿಲ್ಲವೆಂದು ಹೇಳಿ, ಊತಕ್ಕೆ ಅಡ್ಡಡ್ಡ ಬಿಳಿ ಪಟ್ಟಿ ಹಚ್ಚಿ ಕಳಿಸಿದರು. ತೆಹ್ರಾನಿನಲ್ಲಿ ಅಂಥ ಪಟ್ಟಿ ಹಚ್ಚಿಕೊಂಡು ಬೀದಿಗಿಳಿದರೆ ಜನ ಮೂಗು ಕೊಯ್ಯಿಸಿಕೊಂಡವಳೆಂದೇ ತಿಳಿಯುತ್ತಾರೆಂಬುದು ಮಹೀನ್‌ಗೆ ರೊಟ್ಟಿಯ ಅಂಗಡಿಯ ಸಾಲಿನಲ್ಲಿ ನಿಂತ ಮೇಲೆ ಹೊಳೆಯಿತು.

"ಮುಬಾರಕ್, ಖಾನುಂ!" ಎಂದು ಅಭಿನಂದಿಸಿದಳು ಹಿಂದೆ ನಿಂತಿದ್ದ ಹೆಂಗಸು. "ಯಾರ ಕೈಲಿ ಮಾಡಿಸಿದ್ರಿ?"

"ಕಪಾಟಿನ ಬಾಗಿಲ ಕೈಲಿ."

ಸಾಲಿಗೆ ಸಾಲೇ ನಕ್ಕಿತು. ಮೇಲ್ಮನೆಯ ಪೂರಾನ್ ಖಾನುಂ ಅಲ್ಲೇ ಇದ್ದಳು. ಊರಿನವರ ಮೂಗುಗಳ ಲೆಕ್ಕವೆಲ್ಲ ಅವಳ ನಾಲಗೆಯ ತುದಿಯಲ್ಲಿ. "ನಮ್ಮ ನಾದಿನಿಗೂ ಬಾಗಿಲೇ ಬಡಿದಿದ್ದು ಮಹೀನ್ ಜಾನ್. ಎಷ್ಟು ಚೆನ್ನಾಗಿ ಬಡಿದಿತ್ತು ಅಂತ ಪಟ್ಟಿ ಬಿಚ್ಚಿದ ಮೇಲೆ ಗೊತ್ತಾಯ್ತು. ಎಲ್ಲಿ, ಈ ಕಡೆ ತಿರುಗಿ" ಎಂದವಳೇ ಫೋಟೋ ಹೊಡೆದುಕೊಂಡಳು.

ಅವಳು ಕೆಲಸ ಮಾಡುವ ಗ್ರಂಥಾಲಯದಲ್ಲಿ ಇನ್ನೂ ಚೆಂದ. ಜೊತೆಯ ಕೆಲಸದವಳು ಸೊಹೇಲಾ ಅವಳನ್ನು ಕಂಡದ್ದೇ ಓಡಿಹೋಗಿ ಅನಾನಸ್ ಡಬ್ಬಿ ತಂದಳು, ಊತಕ್ಕೆ ಒಳ್ಳೆಯದಂತೆ.

"ಉಸಿರಾಟದ ತೊಂದ್ರೆಗೆ ಮಾಡಿಸಿದೆ ಅಂದಿದ್ರೆ ಆಗ್ತಿತ್ತಪ್ಪ, ಎಲ್ರೂ ಅದನ್ನೇ ಅನ್ನೋದು. ಕಪಾಟು ಅಂದ್ರೆ ಯಾರು ನಂಬ್ತಾರೆ?"

"ಸೊಹೇಲಾ, ನಿನ್ನ ತಲೆ ಮೇಲೆ ಅದೇ ಕಪಾಟು ತಂದು ಹಾಕ್ತೀನಿ ನೋಡು!"

"ಪಾಪ, ಮೊದಲ ದಿನ ಹಾಗೇ ಸಿಡುಕು ಬರುತ್ತೆ" ಎಂದು ಸೊಹೇಲಾ ಉಳಿದವರಿಗೆ ಕಣ್ಣು ಮಿಟುಕಿಸಿದಳು. ಮೇಲಧಿಕಾರಿ ರಸ್ತೆಗಾರ್ ಕೇಳದೆಯೇ ರಜೆ ಕೊಟ್ಟು, "ನಮ್ಮನೆಯವರಿಗೂ ಆ ಕಪಾಟಿನ ವಿಳಾಸ ಬೇಕಿತ್ತು" ಎಂದು ಪಿಸುಗುಟ್ಟಿದ. ಮಹೀನ್ ಹಲ್ಲು ಕಡಿದಳು. ಹಲ್ಲು ಕಡಿದರೂ ಮೂಗು ನೋಯುತ್ತಿತ್ತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಚಿಕ್ಕಮ್ಮನ ಮನೆಯಲ್ಲಿದ್ದ ಗೆಲಾರೆ. ಪೂರಾನಳ ಫೋಟೋ ಅಲ್ಲಿಗೆ ಆಗಲೇ ತಲುಪಿತ್ತು.

"ಮುಬಾರಕ್ ಅಮ್ಮ."

"ಗೆಲಾರೆ, ಕೇಳೇ ಇಲ್ಲಿ, ಬಾಗಿಲು ಬಡೀತು..."

"ನಿನ್ನ ಮೂಗು ಚೆನ್ನಾಗಿದೆ, ನನ್ನ ಮೂಗೂ ಚೆನ್ನಾಗಿದೆ ಅಂದೆಯಲ್ಲ? ನಾನು ನಂಬಿದ್ದೆ. ನೀನೇ ನಂಬಿರಲಿಲ್ಲ." ಫೋನು ಕುಕ್ಕಿಟ್ಟಳು.

ಊರು ನಕ್ಕರೆ ನಗಲಿ, ಮಗಳೆದುರು ತಾನು ಸುಳ್ಳಿಯಾಗುವುದು ಮಹೀನ್‌ಳಿಂದ ಆಗದು. ಟ್ಯಾಕ್ಸಿ ಹಿಡಿದು ಮನೆಗೆ ಓಡಿದಳು.

ಮನೆಯಲ್ಲಿ ಸಂತೆ ನೆರೆದಿತ್ತು. ಪೂರಾನ್ ಅಕ್ಕಪಕ್ಕದ ಹೆಂಗಸರನ್ನೆಲ್ಲ ಕಟ್ಟಿಕೊಂಡು ರೋಗಿಯನ್ನು ನೋಡಲು ಬಂದಿದ್ದಳು. ಗೆಲಾರೆಯೂ ಬಂದು ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಹೂಮನ್ ಎಲ್ಲರಿಗೂ ಚಹಾ ಹಂಚುತ್ತಿದ್ದ.

"ಬನ್ನಿ ಎಲ್ರೂ ಅಡುಗೆಮನೆಗೆ!" ಎಂದಳು ಮಹೀನ್. "ಆ ಬಾಗಿಲು ಮುಚ್ಚುತ್ತಾ ಇಲ್ವಾ, ನಿಮ್ಮ ಕಣ್ಣಾರೆ ನೋಡಿ!"

ಅವಳು ತಳ್ಳಿದ್ದೇ ಬಾಗಿಲು ಬೆಣ್ಣೆಯ ಹಾಗೆ ಸರಿದು, ಗಟ್ಟಿಯಾಗಿ ಮುಚ್ಚಿಕೊಂಡಿತು. ಎಲ್ಲರೂ ಮಹೀನ್‌ಳ ಮುಖ ನೋಡಿದರು.

"ನಿಂಗೆ ಪೆಟ್ಟಾಯ್ತು ಅಂತ ಕೇಳಿದ್ದೇ ಓಡಿಬಂದು ಸರಿ ಮಾಡಿಬಿಟ್ಟೆ ಕಣೇ" ಎಂದ ಹೂಮನ್, ಹೊಗಳಿಕೆ ಸಿಕ್ಕೀತೆಂಬ ಆಸೆಯಿಂದ.

"ಗಂಡ ಅಂದ್ರೆ ಹೀಗಿರಬೇಕು" ಎಂದಳು ಪೂರಾನ್. "ಹೆಂಡ್ತಿ ಹೇಳಿದ ಕತೆಗೆಲ್ಲ ತಾಳ ಹಾಕ್ತಾರೆ."

ಮಹೀನ್‌ಳ ತಾಳ್ಮೆಯ ಕಟ್ಟೆ ಒಡೆಯಿತು. ಮಗಳ ಮುಂದೆ ಹೋಗಿ ನಿಂತು, ಪಟ್ಟಿಯ ತುದಿ ಹಿಡಿದು ಸರ್ರನೆ ಕಿತ್ತೆಸೆದಳು. ಕಣ್ಣಲ್ಲಿ ನೀರು ಬಂತು. ಪೂರಾನ್ ಕನ್ನಡಕ ಏರಿಸಿ ಎಡದಿಂದ ನೋಡಿದಳು, ಬಲದಿಂದ ನೋಡಿದಳು.

"ಅಯ್ಯೋ ದೇವ್ರೇ, ಇದು ಮೊದಲಿನ ಹಾಗೇ ಇದೆಯಲ್ರೀ!"

"ಹೌದು!" ಎಂದಳು ಮಹೀನ್, ಗೆದ್ದ ದನಿಯಲ್ಲಿ.

"ಗೂನು ಗೂನಿನ ಜಾಗದಲ್ಲೇ ಇದೆ!"

"ಇದೆ!"

"ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ!"

"ಇಲ್ಲವೇ ಇಲ್ಲ!"

"ಮೋಸ!" ಪೂರಾನ್ ಎದೆ ಬಡಿದುಕೊಂಡಳು. "ಏನೂ ಕೊಯ್ಯದೆ ಬರೀ ಪಟ್ಟಿ ಹಚ್ಚಿ ಕಳಿಸಿದಾನೆ ಆ ಪಾಪಿ ಡಾಕ್ಟರ್! ಅದಕ್ಕೇ ಈಯಮ್ಮ ಬೆಳಿಗ್ಗೆಯಿಂದ ಅವನ ಹೆಸರು ಬಾಯಿ ಬಿಡ್ತಿಲ್ಲ, ನಾಚಿಕೆ ಪಾಪ!"

ಹೆಂಗಸರೆಲ್ಲ ಲೊಚಗುಟ್ಟಿದರು. ಹೂಮನ್ ಹೆಂಡತಿಯ ಹೆಗಲು ತಟ್ಟಿ, "ಹೋಗ್ಲಿ ಬಿಡು, ನಾನೇನೂ ಬೈಯಲ್ಲ" ಎಂದ. ಮಹೀನ್ ಅವನ ಕೈ ಕೊಡವಿದಳು.

ಗೆಲಾರೆ ಎದ್ದು ಬಂದು ಅಮ್ಮನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಅವಳ ಕೋಪವೆಲ್ಲ ಕರಗಿ ಹೋಗಿತ್ತು.

"ನಿಂಗೂ ಇಷ್ಟು ಆಸೆ ಇತ್ತಾ ಅಮ್ಮ? ನನ್ ಹತ್ರ ಹೇಳೋಕೆ ಏನಾಗಿತ್ತು? ಅಳಬೇಡ" ಎಂದು ಕಣ್ಣೊರೆಸಿ, ಫೋನು ತೆಗೆದು ಮುಂದೆ ಹಿಡಿದಳು. ಅದರಲ್ಲಿ ಇನ್ನೊಂದು ಜಾಹೀರಾತು: ಒಬ್ಬಳು ತಾಯಿ, ಒಬ್ಬಳು ಮಗಳು, ಒಂದೇ ಅಚ್ಚಿನಲ್ಲಿ ತೆಗೆದಂಥ ಎರಡು ಪುಟ್ಟ ಮೂಗು. "ಇವರು ಮೋಸ ಮಾಡಲ್ಲ. ಜೋಡಿ ಬಂದ್ರೆ ರಿಯಾಯಿತಿನೂ ಇದೆ. ಈಗಷ್ಟೇ ಇಬ್ಬರ ಹೆಸರೂ ಬರೆಸಿಬಿಟ್ಟೆ. ಶನಿವಾರ ಬೆಳಿಗ್ಗೆ, ಖಾಲಿ ಹೊಟ್ಟೇಲಿ ಬರೋಕೆ ಹೇಳಿದಾರೆ."